ರೂಟರ್ ಹಾಕಿದ ಮೇಲೆ ನೆಟ್ ಬರದಿದ್ದರೆ: ದೋಷ ಹುಡುಕುವ ಪಾಠ

ಬೋಧನಾಭ್ಯಾಸದ ಅವಧಿಯಲ್ಲಿ ಒಂಬತ್ತನೇ ತರಗತಿಗೆ ಗಣಕಜಾಲದ ಬಗ್ಗೆ ಪಾಠ ಮಾಡುವಾಗ, ವ್ಯಾಖ್ಯೆಯ ಬದಲು ಮಕ್ಕಳ ಮನೆಗಳಲ್ಲೇ ಎದುರಾಗುವ ಒಂದು ಸಮಸ್ಯೆಯಿಂದ ಆರಂಭಿಸಿದೆ. ಈವರೆಗೆ ಕೇಬಲ್‌ನವರ ತಂತಿ ನೇರವಾಗಿ ಕಂಪ್ಯೂಟರಿಗೆ ಬರುತ್ತಿತ್ತು. ಮೊಬೈಲುಗಳಿಗೂ ನೆಟ್ ಬೇಕೆಂದು ನಡುವೆ ರೂಟರ್ ಇಟ್ಟರು. ವೈಫೈ ಗುರುತು ಕಾಣಿಸುತ್ತದೆ, ಯಾವ ಪುಟವೂ ತೆರೆಯುವುದಿಲ್ಲ. ದೋಷ ಎಲ್ಲಿದೆ?

“ಎಲ್ಲ ತಂತಿ ಕಿತ್ತು ಮತ್ತೆ ಹಾಕಬೇಕು”, “ರೀಸೆಟ್ ಒತ್ತಬೇಕು” ಎಂಬ ಉತ್ತರಗಳು ಬಂದವು. ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದರೆ ರೂಟರಿನಲ್ಲಿ ತುಂಬಿಸಿದ್ದ ವಿವರಗಳೆಲ್ಲ ಅಳಿಸಿಹೋಗುತ್ತವೆ. ಆಮೇಲೆ ಒಂದರ ಜಾಗದಲ್ಲಿ ಎರಡು ದೋಷ. ಆದ್ದರಿಂದ ಪಾಠದ ಮುಖ್ಯ ಉದ್ದೇಶವನ್ನು ಹೀಗೆ ಬರೆದುಕೊಂಡೆ: ವಿದ್ಯಾರ್ಥಿಯು ಏನನ್ನೂ ಬದಲಿಸುವ ಮೊದಲು ದೋಷ ಯಾವ ಭಾಗದಲ್ಲಿದೆ ಎಂದು ನೋಡಿ ಹೇಳುವನು.

ಪರಿಕಲ್ಪನೆ

ಹಾಸ್ಟೆಲಿಗೆ ಅಂಚೆಯ ವಿಳಾಸ ಒಂದೇ. ಒಳಗೆ ಕೊಠಡಿ ಸಂಖ್ಯೆಗಳು ಬೇರೆ ಬೇರೆ. ಬಂದ ಕಾಗದವನ್ನು ಯಾವ ಕೊಠಡಿಗೆ ಕೊಡಬೇಕೆಂಬುದು ವಾರ್ಡನ್‌ಗೆ ಗೊತ್ತು. ರೂಟರ್ ಇಂಥ ವಾರ್ಡನ್. ಹೊರಗೆ ಸೇವೆ ಕೊಡುವವರಿಂದ ಒಂದು ವಿಳಾಸ ಪಡೆಯುತ್ತದೆ. ಒಳಗೆ ಪ್ರತಿ ಸಾಧನಕ್ಕೂ 192.168 ಎಂದು ಆರಂಭವಾಗುವಂಥ ವಿಳಾಸ ಹಂಚುತ್ತದೆ. ಒಳವಿಳಾಸಗಳು ಮನೆಯೊಳಗಿನ ಬಳಕೆಗೆ ಮಾತ್ರ. ಹಾಗಾಗಿ ಅದೇ ಸಂಖ್ಯೆ ಪಕ್ಕದ ಮನೆಯಲ್ಲಿದ್ದರೂ ತೊಂದರೆಯಿಲ್ಲ.

ಇದನ್ನು ತೋರಿಸಲು ಮೂವರನ್ನು ಮೊಬೈಲುಗಳಾಗಿ, ಒಬ್ಬಳನ್ನು ರೂಟರಾಗಿ, ಒಬ್ಬನನ್ನು ಕೇಬಲ್‌ನವನಾಗಿ ನಿಲ್ಲಿಸಿ ವಿಳಾಸದ ಚೀಟಿಗಳನ್ನು ಹಂಚಿಸಿದೆ. “ರೂಟರಿಗೇ ಹೊರಗಿನ ಚೀಟಿ ಸಿಗದಿದ್ದರೆ?” ಎಂದು ಕೇಳಿದಾಗ, ವೈಫೈ ಇದ್ದೂ ನೆಟ್ ಇಲ್ಲದಿರುವುದು ಹೇಗೆಂದು ತರಗತಿಗೆ ತಾನಾಗಿ ಹೊಳೆಯಿತು.

ಪರಿಶೀಲನೆಯ ಹಂತಗಳು

1. ತಂತಿ. ಹೊರಗಿನಿಂದ ಬಂದ ತಂತಿ ‘ವ್ಯಾನ್’ ಎಂದು ಬರೆದ ಕಿಂಡಿಯಲ್ಲಿರಬೇಕು, ಕಂಪ್ಯೂಟರಿನದು ‘ಲ್ಯಾನ್’ ಕಿಂಡಿಗಳಲ್ಲಿ ಒಂದರಲ್ಲಿ. ತಂತಿ ಸೇರಿದ ಕಿಂಡಿಯ ದೀಪ ಉರಿಯಬೇಕು.

2. ಒಳಭಾಗ. ವಿಂಡೋಸ್ ಕಂಪ್ಯೂಟರಿನ ಕಮಾಂಡ್ ಕಿಟಕಿಯಲ್ಲಿ ‘ಐಪಿಕಾನ್ಫಿಗ್’ ಆದೇಶ ಕೊಟ್ಟರೆ ವಿಳಾಸ ಕಾಣುತ್ತದೆ. ಅದು 169.254 ಎಂದು ಆರಂಭವಾದರೆ ಯಾರೂ ವಿಳಾಸ ಕೊಡದೆ ಕಂಪ್ಯೂಟರು ತಾನೇ ಇಟ್ಟುಕೊಂಡಿದೆ ಎಂದರ್ಥ. ಆಗ ಮೊದಲು ನೋಡಬೇಕಾದದ್ದು ಕಂಪ್ಯೂಟರಿಗೂ ರೂಟರಿಗೂ ನಡುವೆ. ಹಿಂದೆ ಕೈಯಾರೆ ತುಂಬಿಸಿದ ವಿಳಾಸವೇ ಇನ್ನೂ ಉಳಿದಿದ್ದರೆ ‘ತಾನಾಗಿ ಪಡೆಯುವುದು’ ಎಂಬ ಆಯ್ಕೆಗೆ ಬದಲಿಸಬೇಕು.

3. ಹೊರಭಾಗ. ರೂಟರಿನ ತಳದ ಚೀಟಿಯಲ್ಲಿರುವ ವಿಳಾಸವನ್ನು ಬ್ರೌಸರಿನಲ್ಲಿ ತೆರೆದು ಸ್ಥಿತಿಪುಟ ನೋಡಬೇಕು. ವ್ಯಾನ್ ವಿಳಾಸ 0.0.0.0 ಎಂದಿದ್ದರೆ ಹೊರಗಿನ ಸಂಪರ್ಕ ಆಗಿಲ್ಲ. ಸಾಮಾನ್ಯ ಕಾರಣಗಳು ಎರಡು. ಮೊದಲನೆಯದು, ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಹಾಕಿ ಸಂಪರ್ಕ ಪಡೆಯುವ ಪಿಪಿಪಿಒಇ ಪದ್ಧತಿ. ಹಿಂದೆ ಕಂಪ್ಯೂಟರು ಮಾಡುತ್ತಿದ್ದ ಆ ಕೆಲಸ ಈಗ ರೂಟರಿನದು. ಅವೆರಡನ್ನೂ ರೂಟರಿನಲ್ಲಿ ತುಂಬಿಸಬೇಕು, ಕಂಪ್ಯೂಟರಿನಲ್ಲಿ ಡಯಲ್ ಮಾಡುವುದನ್ನು ನಿಲ್ಲಿಸಬೇಕು. ಎರಡನೆಯದು, ಕೆಲವು ಸೇವೆಯವರು ಹಳೆಯ ಕಂಪ್ಯೂಟರಿನ ಮ್ಯಾಕ್ ಸಂಖ್ಯೆಯನ್ನು ದಾಖಲಿಸಿಕೊಂಡಿರುತ್ತಾರೆ. ರೂಟರಿನ ಸಂಖ್ಯೆ ಬೇರೆಯಾದ್ದರಿಂದ ಅದನ್ನು ಒಳಬಿಡುವುದಿಲ್ಲ. ಅವರಿಗೆ ಹೊಸ ಸಂಖ್ಯೆ ತಿಳಿಸಿ ದಾಖಲೆ ಬದಲಿಸಿಸಬೇಕು.

4. ಹೆಸರು. ಹೊರಗಿನ ವಿಳಾಸ ಸಿಕ್ಕಿದೆ, ‘ಪಿಂಗ್ 8.8.8.8’ ಎಂದರೆ ಉತ್ತರವೂ ಬರುತ್ತದೆ, ಆದರೆ ಹೆಸರು ಬರೆದರೆ ಪುಟ ತೆರೆಯುವುದಿಲ್ಲ. ಆಗ ಹೆಸರನ್ನು ಸಂಖ್ಯೆಯಾಗಿಸುವ ಡಿಎನ್‌ಎಸ್ ವ್ಯವಸ್ಥೆಯನ್ನು ನೋಡಬೇಕು.

5. ಎರಡು ರೂಟರ್. ಫೈಬರ್ ಸಂಪರ್ಕದ ಪೆಟ್ಟಿಗೆಯೇ ರೂಟರೂ ಆಗಿರಬಹುದು. ಅದಕ್ಕೂ ಹೊಸದಕ್ಕೂ 192.168.1.1 ಎಂಬ ಒಂದೇ ವಿಳಾಸವಿದ್ದರೆ ಗೊಂದಲವಾಗುತ್ತದೆ. ಹೊಸದರ ವಿಳಾಸವನ್ನು 192.168.2.1 ಮಾಡಿದರೆ ಸಾಕು.

ಪರಿಣಾಮ ಮತ್ತು ಮೌಲ್ಯಮಾಪನ

ತರಗತಿಯ ಒಬ್ಬ ವಿದ್ಯಾರ್ಥಿನಿಯ ಮನೆಯಲ್ಲಿ ಇದೇ ತೊಂದರೆಯಿತ್ತು. ಅಕ್ಕನ ವಿದ್ಯಾರ್ಥಿವೇತನದ ಅರ್ಜಿಗೆ ಎರಡೇ ದಿನ ಉಳಿದಿತ್ತು. “ದುಬಾರಿ ಸಾಮಾನು, ಮುಟ್ಟಬೇಡ” ಎಂದಿದ್ದರಂತೆ ಅಪ್ಪ. ಅವಳು ಅಪ್ಪನ ಎದುರಿಗೇ ಏನನ್ನೂ ಬದಲಿಸದೆ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು: ಕಂಪ್ಯೂಟರಿಗೆ ವಿಳಾಸ ಸಿಕ್ಕಿದೆ, ಹೆಸರು, ಪಾಸ್‌ವರ್ಡ್ ಸರಿಯಿದೆ, ವ್ಯಾನ್ ಸೊನ್ನೆ. ಅಪ್ಪ ಫೋನಿನಲ್ಲಿ ಅದನ್ನೇ ಓದಿ ಹೇಳಿದಾಗ ಕೇಬಲ್‌ನವರು ಮ್ಯಾಕ್ ಸಂಖ್ಯೆ ಕೇಳಿ ದಾಖಲೆ ಬದಲಿಸಿದರು. ಅಂದು ಸಂಜೆಯೇ ಅರ್ಜಿ ಹೋಯಿತು. ಬರಿದೇ “ನೆಟ್ ಬರ್ತಿಲ್ಲ” ಎಂದಿದ್ದರೆ ಜನ ಕಳಿಸುತ್ತೇವೆ ಎಂಬ ಉತ್ತರ ಬರುತ್ತಿತ್ತೇನೋ.

ಮೌಲ್ಯಮಾಪನಕ್ಕೆ ವ್ಯಾಖ್ಯೆ ಕೇಳಲಿಲ್ಲ. ಒಂದೊಂದು ಲಕ್ಷಣ ಬರೆದ ಕಾರ್ಡು ಕೊಟ್ಟು, “ದೋಷ ಯಾವ ಭಾಗದಲ್ಲಿ? ಯಾವ ಭಾಗ ಸರಿಯಿದೆ? ಹೇಗೆ ಗೊತ್ತಾಯಿತು?” ಎಂದು ಕೇಳಿದೆ. ಮಕ್ಕಳು ಹೆಚ್ಚು ಯೋಚಿಸಿದ್ದು ಎರಡನೆಯ ಪ್ರಶ್ನೆಗೆ. ಗಣಕ ಕೊಠಡಿಯಿಲ್ಲದ ಶಾಲೆಯಲ್ಲೂ ಚೀಟಿ, ಕಾರ್ಡು, ಕಪ್ಪುಹಲಗೆಯ ಚಿತ್ರದಿಂದ ಈ ಪಾಠ ನಡೆಸಬಹುದು. ಸಹ ಪ್ರಶಿಕ್ಷಣಾರ್ಥಿಗಳು ಇದಕ್ಕೆ ಎರಡು ಅವಧಿ ಇಟ್ಟುಕೊಳ್ಳುವುದು ಒಳ್ಳೆಯದು: ಒಂದು ಚೀಟಿಯಾಟಕ್ಕೆ, ಇನ್ನೊಂದು ಹಂತಗಳಿಗೆ.