ಯೂರೋಪಿನ ಹಳೆಯ ಪದವಿಗಳೂ ಅವುಗಳ ಇಂದಿನ ಸಮಾನತೆಯೂ

ಪದವಿಯ ಹೆಸರು ಬೇರೆ, ಅದರ ಪ್ರಮಾಣ ಬೇರೆ. ಈ ಭೇದವನ್ನು ಮರೆತರೆ ಯೂರೋಪಿನ ವಿದ್ಯಾಪೀಠಗಳ ಹಳೆಯ ಪ್ರಮಾಣಪತ್ರಗಳನ್ನು ಓದುವಲ್ಲಿ ಪ್ರಮಾದವುಂಟಾಗುವುದು. ಇಟಲಿಯವನೊಬ್ಬನಿಗೆ 'ದೊತ್ತೋರೆ' ಎಂಬ ಬಿರುದಿರುವ ಮಾತ್ರಕ್ಕೆ ಅವನು ಸಂಶೋಧನೆಯಿಂದ ಡಾಕ್ಟರಾದವನೆಂದು ಬರೆದರೆ ಅತಿವ್ಯಾಪ್ತಿದೋಷ. ಜರ್ಮನಿಯ ಹಳೆಯ 'ಡಿಪ್ಲೋಮ್' ಪಡೆದವನನ್ನು ನಮ್ಮ ಡಿಪ್ಲೊಮಾದವನೆಂದೆಣಿಸಿದರೆ ಅವ್ಯಾಪ್ತಿದೋಷ.

ಈ ಹೆಸರುಗಳ ಮೂಲವನ್ನು ಮೊದಲು ನೋಡಬೇಕು. ಮಧ್ಯಯುಗದ ಪ್ಯಾರಿಸ್, ಬೊಲೋನ್ಯ ವಿದ್ಯಾಪೀಠಗಳಲ್ಲಿ 'ಲಿಕೆಂತಿಯ' ಎಂಬುದು ಬೋಧಿಸಲು ಕೊಡುವ ಅನುಜ್ಞೆ. 'ಮಾಗಿಸ್ತೆರ್', 'ದೊಕ್ತೋರ್' ಎಂಬೆರಡಕ್ಕೂ ಬೋಧಕನೆಂಬುದೇ ಅರ್ಥ. ಆದರೆ ಯೌಗಿಕಾರ್ಥಕ್ಕಿಂತ ರೂಢಾರ್ಥವು ಬಲವತ್ತರವಷ್ಟೆ. ಲಿಕೆಂತಿಯದಿಂದಲೇ ಹುಟ್ಟಿದ ಹೆಸರು ಫ್ರಾನ್ಸಿನಲ್ಲಿ ಇಂದು ಮೂರು ವರ್ಷಗಳ ಮೊದಲ ಪದವಿಗೆ ಸಲ್ಲುತ್ತದೆ. ಸ್ಪೇನಿನಲ್ಲಿಯೋ ಅದು ನಾಲ್ಕೈದು ವರ್ಷಗಳ ಅಖಂಡ ವ್ಯಾಸಂಗಕ್ಕೆ ಸಂದಿತ್ತು.

ಅಖಂಡತೆಯೇ ಹಳೆಯ ಕ್ರಮದ ಲಕ್ಷಣ. ಇಟಲಿಯ 'ಲಾವುರೆಯಾ', ಜರ್ಮನಿಯ ವಿದ್ಯಾಪೀಠಗಳ 'ಡಿಪ್ಲೋಮ್' ಮತ್ತು 'ಮಾಗಿಸ್ತರ್' ಇವುಗಳಿಗೆ ನಡುವೆ ಬ್ಯಾಚಲರ್ ಎಂಬ ಸೋಪಾನವಿರಲಿಲ್ಲ. ನಾಲ್ಕೈದು ವರ್ಷ ಓದಿ, ಕೊನೆಯಲ್ಲಿ ಪ್ರಬಂಧವನ್ನೊಪ್ಪಿಸಿ ಹೊರಬೀಳುವುದು ಪದ್ಧತಿ. ಇಟಲಿಯಲ್ಲಿ ಸಂಶೋಧನೆಯ ಡಾಕ್ಟರೇಟು ಏರ್ಪಟ್ಟುದು ೧೯೮೦ರಲ್ಲಿ. ಲಾವುರೆಯಾ ಪಡೆದವನು ಅದಕ್ಕೆ ಮೊದಲೇ 'ದೊತ್ತೋರೆ' ಎನಿಸಿಕೊಳ್ಳುತ್ತಿದ್ದನು, ಇಂದಿಗೂ ಎನಿಸಿಕೊಳ್ಳುತ್ತಾನೆ.

೧೯೯೯ರ ಜೂನ್ ೧೯ರಂದು ೨೯ ದೇಶಗಳು ಬೊಲೋನ್ಯದಲ್ಲಿ ಒಡಂಬಟ್ಟು, ವ್ಯಾಸಂಗವನ್ನು ಎರಡು ಘಟ್ಟಗಳಾಗಿ ವಿಭಾಗಿಸಲು ನಿಶ್ಚಯಿಸಿದುವು. ಡಾಕ್ಟರೇಟು ಮೂರನೆಯ ಘಟ್ಟವಾಗಿ ಅನಂತರ ಸೇರಿತು. ವರ್ಷಕ್ಕೆ ೬೦ ಮಾನಗಳಂತೆ, ಮೊದಲ ಘಟ್ಟಕ್ಕೆ ೧೮೦ರಿಂದ ೨೪೦ ಮಾನಗಳು. ಜರ್ಮನಿಯ ವಿದ್ಯಾಮಂತ್ರಿಗಳ ಸಭೆಯು ೨೦೦೩ರಲ್ಲಿ, ವಿದ್ಯಾಪೀಠಗಳ ಡಿಪ್ಲೋಮ್ ಮತ್ತು ಮಾಗಿಸ್ತರ್ ಪದವಿಗಳಿಗಿದ್ದ ಅಧಿಕಾರವೇ ಹೊಸ ಮಾಸ್ಟರ್ ಪದವಿಗೂ, 'ಫಾಖ್‌ಹೋಖ್‌ಷೂಲೆ' ಎಂಬ ಪ್ರಯೋಗಪ್ರಧಾನ ವಿದ್ಯಾಲಯಗಳ ಡಿಪ್ಲೋಮಿಗಿದ್ದುದೇ ಬ್ಯಾಚಲರ್ ಪದವಿಗೂ ಸಲ್ಲುವುದೆಂದು ನಿರ್ಣಯಿಸಿತು. ಹೀಗೆ ಡಿಪ್ಲೋಮ್ ಎಂಬ ಒಂದೇ ಹೆಸರಿಗೆ ಎರಡು ಪ್ರಮಾಣಗಳುಂಟು. ಇಟಲಿಯಲ್ಲಿ ಭೇದವು ಕಾಲದಿಂದ ಬರುತ್ತದೆ: ಸುಧಾರಣೆಗೆ ಹಿಂದಿನ ಲಾವುರೆಯಾ ಮಾಸ್ಟರಿಗೆ ಸಮ, ಈಚಿನ ಮೂರು ವರ್ಷದ ಲಾವುರೆಯಾ ಬ್ಯಾಚಲರಿಗೆ ಸಮ.

ಆದುದರಿಂದ ಸಮಾನತೆಯನ್ನು ಹೇಳುವವನು ಹೆಸರನ್ನು ಭಾಷಾಂತರಿಸಿ ತೃಪ್ತನಾಗಲಾಗದು. ಪದವಿ ಬಂದ ವರ್ಷ, ಕೊಟ್ಟ ಸಂಸ್ಥೆಯ ಬಗೆ, ವ್ಯಾಸಂಗದ ಅವಧಿ, ಪ್ರಬಂಧವಿತ್ತೇ ಇಲ್ಲವೇ, ಡಾಕ್ಟರೇಟಿಗೆ ಅದು ದಾರಿ ತೆರೆಯುತ್ತಿತ್ತೇ ಎಂಬ ಐದನ್ನೂ ವಿಚಾರಿಸಬೇಕು. ಅಷ್ಟರಮೇಲೂ ಪದವಿಯು ವ್ಯಾಸಂಗದಿಂದ ಬಂದುದೋ ಗೌರವಾರ್ಥವಾಗಿ ಸಂದುದೋ ಎಂಬ ಪ್ರಶ್ನೆ ಉಳಿಯುವುದು. ನಮ್ಮ ನಿಘಂಟುಕಾರ ಕಿಟ್ಟೆಲರಿಗೆ ಟ್ಯೂಬಿಂಗೆನ್ ವಿದ್ಯಾಪೀಠವು ೧೮೯೬ರಲ್ಲಿ ಕೊಟ್ಟ ಡಾಕ್ಟರ್ ಪದವಿ ಎರಡನೆಯ ಬಗೆಯದು. ಅದರ ಹಿಂದಿದ್ದುದು ಪರೀಕ್ಷೆಯಲ್ಲ, ಜೀವಮಾನದ ದುಡಿಮೆ.

ಸಂಸ್ಕೃತ ಪಾಠಶಾಲೆಯಲ್ಲಿ ಓದಿ 'ವಿದ್ವತ್' ಪರೀಕ್ಷೆಯನ್ನು ದಾಟಿದವರಿಗೆ ಈ ವಿಚಾರ ಹೊಸತಲ್ಲ. ಆ ವಿದ್ಯೆ ಯಾವ ಪದವಿಗೆ ಸಮವೆಂದು ಅವರನ್ನು ಕೇಳದವರು ಕಡಿಮೆ. ಹೆಸರನ್ನು ಮಾತ್ರ ನೋಡಿ ತೂಗಿದರೆ ಹಲವು ವರ್ಷಗಳ ಶ್ರಮ ಒಂದೇ ಅಕ್ಷರದಲ್ಲಿ ಅಳಿದುಹೋಗುವುದು. ನಮಗೆ ಆಗಬಾರದೆಂದು ಬಯಸುವ ಅನ್ಯಾಯವನ್ನು ಪರರ ಪದವಿಗಳಿಗೆ ನಾವು ಮಾಡದಿರುವುದು ವಿದ್ವಜ್ಜನರ ಕರ್ತವ್ಯ.