ಹೊಗೆಯಲ್ಲ, ನೀರು

ಬಳ್ಳಾರಿ ಸೀಮೆಗೆ ಹೋಗಿಬಂದ ನಮ್ಮ ವಾಚಕರು ಕುಡಿತಿನಿಯ ವಿದ್ಯುದಾಗಾರದಲ್ಲಿ ಡಮರುಗದಂತೆ ನಡು ಸಣ್ಣಗಾದ ಭಾರಿ ಗೋಪುರಗಳನ್ನು ಕಂಡಿರಬಹುದು. ಅವುಗಳ ಬಾಯಿಂದೇಳುವ ಬಿಳಿಯ ಮೋಡವನ್ನು ನೋಡಿ 'ಎಷ್ಟೊಂದು ಹೊಗೆ!' ಎನ್ನುವವರೇ ಹೆಚ್ಚು. ಕಲ್ಲಿದ್ದಲಿನ ಹೊಗೆ ಹೋಗುವುದು ಪಕ್ಕದ ಸಪೂರವಾದ ಚಿಮಣಿಯಿಂದ. ಗೋಪುರದಿಂದ ಹೊರಡುವುದು ನೀರು.

ಈ ನೀರಿಗೆ ಅಲ್ಲಿ ಏನು ಕೆಲಸ? ಕಲ್ಲಿದ್ದಲಿನ ಉರಿಯಿಂದಾದ ಹಬೆ ಚಕ್ರವನ್ನು ತಿರುಗಿಸಿ ವಿದ್ಯುತ್ತನ್ನು ಕೊಡುತ್ತದೆ. ಕೆಲಸ ಮುಗಿಸಿದ ಹಬೆಯನ್ನು ತಣಿಸಿ ಮತ್ತೆ ನೀರಾಗಿಸಬೇಕು. ಅದಕ್ಕಾಗಿ ತಣ್ಣೀರು ಬೇರೆ ಕೊಳವೆಗಳಲ್ಲಿ ಹರಿದು ಆ ಶಾಖವನ್ನು ಹೀರಿಕೊಳ್ಳುತ್ತದೆ. ಹೀಗೆ ಬಿಸಿಯಾದ ನೀರನ್ನು ಗೋಪುರದ ಕೆಳಭಾಗದಲ್ಲಿ ತುಂತುರಾಗಿ ಸುರಿಸುತ್ತಾರೆ. ಬುಡದ ಕಂಬಗಳ ಸಂದಿನಿಂದ ಗಾಳಿ ಒಳನುಗ್ಗಿ, ನೀರಿನ ಬಿಸಿಯನ್ನೂ ತೇವವನ್ನೂ ಹೊತ್ತು ಹಗುರಾಗಿ ಮೇಲೇರುತ್ತದೆ; ಅದರ ಜಾಗಕ್ಕೆ ಹೊಸ ಗಾಳಿ ಬರುತ್ತದೆ. ಬೀಸಣಿಗೆ ಬೇಡ, ಯಂತ್ರ ಬೇಡ. ಗೋಪುರದ ಎತ್ತರವೇ ಗಾಳಿಯನ್ನು ಸೆಳೆಯುತ್ತದೆ. ಮಣ್ಣಿನ ಹೂಜಿ ಬೆವರಿ ಒಳಗಿನ ನೀರನ್ನು ತಂಪಾಗಿಡುವ ಗುಟ್ಟೇ ಇಲ್ಲಿಯೂ ಇದೆ. ನೂರು ಲೀಟರು ತಣಿಯಲು ಒಂದೆರಡು ಲೀಟರು ಆವಿಯಾಗಿ ಹೋಗಲೇಬೇಕು.

ಇಂಥ ಆಕಾರದ ಮೊದಲ ಗೋಪುರಗಳನ್ನು ಹಾಲೆಂಡಿನ ಹೇರ್ಲೆನ್ ಬಳಿ ೧೯೧೮ರಲ್ಲಿ ಕಟ್ಟಿದರು. ವಾನ್ ಇಟರ್ಸನ್ ಮತ್ತು ಕೈಪರ್ಸ್ ಎಂಬವರು ಇದನ್ನು ರೂಪಿಸಿದವರು. ಈ ಬಾಗಿನಿಂದಾಗಿ ತೆಳ್ಳನೆಯ ಕಾಂಕ್ರೀಟು ಗೋಡೆಯೂ ಬಹಳ ಎತ್ತರಕ್ಕೆ ನಿಲ್ಲಬಲ್ಲದು. ಆದರೆ ಗಾಳಿಯ ಲೆಕ್ಕ ತಪ್ಪಕೂಡದು. ಇಂಗ್ಲೆಂಡಿನ ಫೆರಿಬ್ರಿಜ್ಜಿನಲ್ಲಿ ೧೯೬೫ರ ನವೆಂಬರ್ ೧ರಂದು, ೩೭೫ ಅಡಿ ಎತ್ತರದ ಎಂಟು ಗೋಪುರಗಳಲ್ಲಿ ಮೂರು ಬಿರುಗಾಳಿಗೆ ಕುಸಿದವು. ಒತ್ತೊತ್ತಾಗಿ ನಿಂತ ಗೋಪುರಗಳ ನಡುವೆ ಗಾಳಿಯ ರಭಸ ಹೆಚ್ಚುವುದೆಂಬುದನ್ನು ಲೋಕ ಕಲಿತದ್ದು ಆಗ.

ಇನ್ನು ನೀರಿನ ಲೆಕ್ಕ. ೨೦೧೫ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮದಲ್ಲಿ, ತಂಪುಗೋಪುರವುಳ್ಳ ಆಗಿನ ಕಲ್ಲಿದ್ದಲು ವಿದ್ಯುದಾಗಾರಗಳಿಗೆ ಯೂನಿಟ್ಟಿಗೆ ೩.೫ ಲೀಟರಿನ ಮಿತಿಯನ್ನು ಹಾಕಲಾಯಿತು. ಅಂದರೆ ನೂರು ಯೂನಿಟ್ಟಿಗೆ ೩೫೦ ಲೀಟರು! ನೀರಿಲ್ಲದಿದ್ದರೆ ಕಲ್ಲಿದ್ದಲಿದ್ದೂ ಪ್ರಯೋಜನವಿಲ್ಲ. ನಮ್ಮ ಮಹಾರಾಷ್ಟ್ರದ್ದೇ ಪರಳಿಯ ವಿದ್ಯುದಾಗಾರವನ್ನು ೨೦೧೩ರ ಬರಗಾಲದಲ್ಲಿ ನೀರಿಲ್ಲದೆ ನಿಲ್ಲಿಸಬೇಕಾಯಿತು.

ಪುಣೆಯ ಮುಳಾ-ಮುಠಾ ಭೀಮೆಯನ್ನು ಸೇರುತ್ತದೆ. ಭೀಮೆ ರಾಯಚೂರು ಜಿಲ್ಲೆಯ ಎಲ್ಲೆಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಅಲ್ಲಿಂದ ಸ್ವಲ್ಪ ಕೆಳಗೆ, ೧೯೮೫ರಿಂದ ಕರ್ನಾಟಕಕ್ಕೆ ಬೆಳಕು ಕೊಡುತ್ತಿರುವ ಶಕ್ತಿನಗರದ ವಿದ್ಯುದಾಗಾರ ಆ ಕೃಷ್ಣೆಯ ನೀರನ್ನೇ ಎತ್ತುತ್ತದೆ. ನಾವು ಇಲ್ಲಿ ಉಳಿಸುವ, ಕೆಡಿಸುವ ನದಿಗೂ ಊರಕಡೆಯ ದೀಪಕ್ಕೂ ಹೀಗೆ ನಂಟುಂಟು. ಟ್ಯಾಂಕರಿನ ದಾರಿ ಕಾಯುವ ಕಷ್ಟವನ್ನು ಕೊಂಢವಾದ ನಾವು ಬಲ್ಲೆವು. ಬರಿದಾದ ಕೋಣೆಯಲ್ಲಿ ತಿರುಗುವ ಪಂಖವನ್ನು ನಿಲ್ಲಿಸುವುದೂ ಸುಮ್ಮನೆ ಸುರಿಯುವ ನಲ್ಲಿಯನ್ನು ನಿಲ್ಲಿಸುವುದೂ ಒಂದೇ ಬಗೆಯ ಉಳಿತಾಯವೆಂದು ಮನೆಯ ಮಕ್ಕಳಿಗೂ ತಿಳಿಸೋಣ.