ಆಪರೇಷನ್ ನಂತರ ಹೊಟ್ಟೆಯೊಳಗೆ ಕರುಳು ಅಂಟಿಕೊಳ್ಳುವುದನ್ನು ನ್ಯಾನೋ ತಂತ್ರಜ್ಞಾನ ತಡೆಯುತ್ತದೆಯೇ?

ಸಿಸೇರಿಯನ್, ಅಪೆಂಡಿಕ್ಸ್, ಗರ್ಭಕೋಶದ ಆಪರೇಷನ್ ಆದವರು ಇಲ್ಲದ ಮನೆ ಈಗ ಅಪರೂಪ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ಕರ್ನಾಟಕದಲ್ಲಿ ಶೇ 31.5ರಷ್ಟು ಹೆರಿಗೆಗಳು ಸಿಸೇರಿಯನ್. ಹಾಗಾಗಿ "ಒಳಗಿನ ಗಾಯದ ಅಂಟನ್ನು ನ್ಯಾನೋ ಔಷಧ ಕರಗಿಸುತ್ತದೆ" ಎಂಬಂಥ ಸಾಲು ಮೊಬೈಲ್‌ಗೆ ಬಂದರೆ ಯಾರಿಗಾದರೂ ಕಳಿಸೋಣ ಅನಿಸುವುದು ಸಹಜ. ಕಳಿಸುವ ಮುನ್ನ ವಿಷಯ ಏನೆಂದು ನೋಡೋಣ.

ಚುಟುಕಾಗಿ ಹೇಳುವುದಾದರೆ

ಅಂಟಿಕೆ ಆಗದಂತೆ ತಡೆಯಲು ನ್ಯಾನೋ ತಂತ್ರಜ್ಞಾನ ಬಳಸುವ ಸಂಶೋಧನೆ ನಿಜ. ಆದರೆ ಅದರ ಬಹುಪಾಲು ಇನ್ನೂ ಇಲಿ, ಮೊಲಗಳ ಹಂತದಲ್ಲಿದೆ. ಈಗಾಗಲೇ ಆಗಿರುವ ಅಂಟಿಕೆಯನ್ನು ಕುಡಿದು ಕರಗಿಸುವ ಔಷಧ, ನ್ಯಾನೋ ಆಗಲಿ ಬೇರೆ ಆಗಲಿ, ಇಲ್ಲ.

ಅಂಟಿಕೆ ಅಂದರೇನು?

ನಮ್ಮ ಕರುಳು, ಗರ್ಭಕೋಶ, ಹೊಟ್ಟೆಯ ಒಳಗೋಡೆ ಎಲ್ಲದರ ಮೇಲೂ ಪೆರಿಟೋನಿಯಮ್ ಎಂಬ ತೆಳುವಾದ, ನುಣುಪಾದ ಪೊರೆ ಇದೆ. ಅಂಗಗಳು ಒಂದರ ಮೇಲೊಂದು ಜಾರಿಕೊಂಡು ಓಡಾಡಲು ಇದೇ ಕಾರಣ. ಆಪರೇಷನ್ ವೇಳೆ ಕತ್ತರಿ, ಬಿಸಿ, ಗಾಳಿಯಿಂದಾಗುವ ಒಣಗುವಿಕೆ, ಕೈಗವಸಿನ ಉಜ್ಜಾಟ ಇವುಗಳಿಂದ ಪೊರೆಗೆ ಗಾಯವಾಗುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟುವಾಗ ಬರುವ ಫೈಬ್ರಿನ್ ಎಂಬ ಅಂಟು ಪ್ರೋಟೀನು ಕೂಡಿಕೊಳ್ಳುತ್ತದೆ. ಸಾಮಾನ್ಯವಾಗಿ ದೇಹವೇ ಅದನ್ನು ಕೆಲವು ದಿನಗಳಲ್ಲಿ ಕರಗಿಸಿ, ಸುಮಾರು ಒಂದು ವಾರದಲ್ಲಿ ಹೊಸ ಪೊರೆ ಹೊದಿಸುತ್ತದೆ. ಕರಗದೆ ಉಳಿದರೆ ಅದೇ ಎರಡು ಅಂಗಗಳ ನಡುವಿನ ಸೇತುವೆ. ಅದರ ಮೇಲೆ ಕೊಲಾಜೆನ್ ನಾರು ಬೆಳೆದು, ರಕ್ತನಾಳ ಬಂದು, ಶಾಶ್ವತ ಪಟ್ಟಿಯಾಗುತ್ತದೆ. ಇದೇ ಅಂಟಿಕೆ, ಡಾಕ್ಟರುಗಳು ಅಡ್ಹೀಷನ್ ಅನ್ನುತ್ತಾರೆ.

ಇದು ಎಷ್ಟು ಸಾಮಾನ್ಯ?

1990ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ, ಮೊದಲೇ ಹೊಟ್ಟೆಯ ಆಪರೇಷನ್ ಆಗಿದ್ದವರಲ್ಲಿ ಶೇ 93 ಮಂದಿಗೆ ಅಂಟಿಕೆ ಕಂಡುಬಂದಿತ್ತು. ಗಾಬರಿ ಬೇಡ, ಹೆಚ್ಚಿನವರಿಗೆ ಇದರಿಂದ ಜೀವನದುದ್ದಕ್ಕೂ ಏನೂ ಆಗುವುದಿಲ್ಲ. ಸ್ಕಾಟ್ಲೆಂಡಿನಲ್ಲಿ 1986ರಲ್ಲಿ ಹೊಟ್ಟೆ ತೆರೆದು ಆಪರೇಷನ್ ಮಾಡಿಸಿಕೊಂಡ ಸುಮಾರು 30,000 ಜನರ 10 ವರ್ಷಗಳ ದಾಖಲೆ ನೋಡಿದಾಗ, ಸುಮಾರು ಮೂವರಲ್ಲಿ ಒಬ್ಬರು ಅಂಟಿಕೆಗೆ ಸಂಬಂಧ ಇರಬಹುದಾದ ತೊಂದರೆಗೋ, ಅಂಟಿಕೆಯಿಂದ ಕಷ್ಟವಾಗಬಹುದಾದ ಇನ್ನೊಂದು ಆಪರೇಷನ್‌ಗೋ ಆಸ್ಪತ್ರೆಗೆ ಮರಳಿದ್ದರು. ಆದರೆ ಆ ಮರುದಾಖಲಾತಿಗಳಲ್ಲಿ ನೇರವಾಗಿ ಅಂಟಿಕೆಯಿಂದಲೇ ಆದವು ಶೇ 5.7 ಮಾತ್ರ. ತೊಂದರೆ ಆದಾಗ ಮಾತ್ರ ಅದು ದೊಡ್ಡದೇ: ಕರುಳು ಕಟ್ಟಿಕೊಳ್ಳುವುದು, ಗರ್ಭ ಧರಿಸಲು ಅಡ್ಡಿ, ಮುಂದಿನ ಆಪರೇಷನ್ ಕಠಿಣವಾಗುವುದು.

ಈಗ ಏನು ಮಾಡುತ್ತಾರೆ?

ಮೊದಲನೆಯದು ಕೈಚಳಕ. ಅಂಗಗಳನ್ನು ಮೃದುವಾಗಿ ಮುಟ್ಟುವುದು, ಒಣಗಲು ಬಿಡದಿರುವುದು, ಆಗುವಲ್ಲಿ ಕೀಹೋಲ್ ಆಪರೇಷನ್ ಮಾಡುವುದು. ಕೈಗವಸಿನ ಒಳಗಿನ ಪೌಡರ್ ಕೂಡ ಅಂಟಿಕೆಗೆ ಕಾರಣವಾಗಬಹುದು ಎಂಬುದೂ ಸೇರಿದಂತೆ ಹಲವು ಅಪಾಯಗಳಿಗಾಗಿ ಅಮೆರಿಕದ ಎಫ್‌ಡಿಎ 2017ರ ಜನವರಿಯಿಂದ ಪೌಡರ್ ಇರುವ ವೈದ್ಯಕೀಯ ಕೈಗವಸುಗಳನ್ನು ನಿಷೇಧಿಸಿತು.

ಎರಡನೆಯದು ತಡೆಗೋಡೆ. ಗಾಯವಾದ ಎರಡು ಜಾಗಗಳ ನಡುವೆ ತೆಳು ಹಾಳೆ ಇಟ್ಟು, ಪೊರೆ ಮಾಗುವವರೆಗೆ ಬೇರೆಬೇರೆಯಾಗಿ ಇರಿಸುವುದು. ದೋಸೆಗಳ ನಡುವೆ ಬಾಳೆ ಎಲೆ ಇಟ್ಟಂತೆ. ಸೆಪ್ರಾಫಿಲ್ಮ್ ಎಂಬ ಹಾಳೆ 1996ರಿಂದ ಅಮೆರಿಕದಲ್ಲಿ ಬಳಕೆಯಲ್ಲಿದೆ. ಆದರೆ ಅದು ಒದ್ದೆಯಾದರೆ ಕೈಗೆ ಮೆತ್ತುತ್ತದೆ, ಒಣಗಿದ್ದರೆ ಮುರಿಯುತ್ತದೆ, ಕೀಹೋಲ್ ಆಪರೇಷನ್‌ನಲ್ಲಿ ಒಳಗೆ ಸೇರಿಸುವುದು ಕಷ್ಟ.

ನ್ಯಾನೋ ಎಲ್ಲಿ ಬರುತ್ತದೆ?

ಒಂದು ನ್ಯಾನೋಮೀಟರ್ ಅಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. ನಮ್ಮ ತಲೆಗೂದಲಿನ ದಪ್ಪ ಹೆಚ್ಚುಕಡಿಮೆ 80,000 ನ್ಯಾನೋಮೀಟರ್. ಸಂಶೋಧಕರು ಮುಖ್ಯವಾಗಿ ಎರಡು ದಾರಿ ಹಿಡಿದಿದ್ದಾರೆ.

ಒಂದು, ನ್ಯಾನೋ ನಾರಿನ ಹಾಳೆ. ದೇಹದಲ್ಲಿ ತಾನಾಗಿ ಕರಗುವ ಪಾಲಿಮರ್‌ನ ದ್ರಾವಣವನ್ನು ವಿದ್ಯುತ್ ಸೆಳೆತದಿಂದ ಜೇಡರ ಬಲೆಯ ಎಳೆಗಿಂತ ಸಣ್ಣಗೆ ನೂಲುತ್ತಾರೆ. ಹೀಗೆ ಬರುವ ಬಟ್ಟೆಯ ರಂಧ್ರಗಳಲ್ಲಿ ದ್ರವ, ಪೋಷಕಾಂಶ ಹಾದುಹೋಗುತ್ತವೆ, ಗಾಯದ ಕಲೆ ಕಟ್ಟುವ ಜೀವಕೋಶಗಳು ದಾಟುವುದು ಕಷ್ಟ. ನಾರಿನೊಳಗೆ ಐಬುಪ್ರೊಫೇನ್‌ನಂಥ ಉರಿಯೂತ ತಗ್ಗಿಸುವ ಔಷಧವನ್ನೂ ತುಂಬಬಹುದು.

ಇನ್ನೊಂದು, ಔಷಧ ಹೊತ್ತ ನ್ಯಾನೋ ಕಣಗಳು. ಹೊಟ್ಟೆಯೊಳಗೆ ಸುರಿದ ಔಷಧ ಬೇಗ ರಕ್ತಕ್ಕೆ ಸೇರಿ ಹೋಗುತ್ತದೆ. ಅಂಟಿಕೆ ತಡೆಯಲು ಅದು ಕೆಲವು ದಿನ ಅಲ್ಲೇ ಇರಬೇಕು. ಹಾಗಾಗಿ ಔಷಧವನ್ನು ಕಣಗಳಲ್ಲಿ ತುಂಬಿ, ಕಣಗಳನ್ನು ಜೆಲ್‌ನಲ್ಲಿ ಸೇರಿಸಿ ಹಚ್ಚುವ ಪ್ರಯತ್ನ ನಡೆದಿದೆ.

ಹಾಗಾದರೆ ತಡ ಯಾಕೆ?

ಅಮೆರಿಕದ ಡೇನಿಯಲ್ ಕೊಹಾನೆ ಅವರ ತಂಡ 2006ರಲ್ಲಿ ಪ್ರಕಟಿಸಿದ ಇಲಿಗಳ ಪ್ರಯೋಗ ಇದಕ್ಕೆ ಒಳ್ಳೆಯ ಉತ್ತರ. ಹೊಟ್ಟೆಯೊಳಗೆ ಹಾಕಿದ ದೊಡ್ಡ ಗಾತ್ರದ ಪಾಲಿಮರ್ ಕಣಗಳು ಉಳಿದುಕೊಂಡು ತಾವೇ ಅಂಟಿಕೆ ಉಂಟುಮಾಡಿದವು. ನ್ಯಾನೋ ಗಾತ್ರದವು ಬೇಗ ಹೊಟ್ಟೆಯಿಂದ ಜಾರಿಕೊಂಡು ಗುಲ್ಮ, ಯಕೃತ್ತು ಸೇರಿದವು. ಅಂದರೆ ದೊಡ್ಡದಾದರೆ ಒಂದು ಸಮಸ್ಯೆ, ಚಿಕ್ಕದಾದರೆ ಇನ್ನೊಂದು. ಕಣಗಳನ್ನು ಜೆಲ್‌ನಲ್ಲಿ ಹಿಡಿದಿಡುವ ಯೋಚನೆಗೆ ಇದೂ ಕಾರಣ.

ಇನ್ನೂ ಒಂದು ತೊಡಕಿದೆ. ಫೈಬ್ರಿನ್ ನಮ್ಮ ಶತ್ರುವಲ್ಲ. ಹೊಲಿದ ಕರುಳು ಕೂಡಿಕೊಳ್ಳಲು ಅದು ಬೇಕೇ ಬೇಕು. ಅತಿಯಾಗಿ ತಡೆದರೆ ರಕ್ತಸ್ರಾವ ಆಗಬಹುದು, ಹೊಲಿಗೆ ಬಿಡಬಹುದು. ಸೆಪ್ರಾಫಿಲ್ಮ್‌ನ್ನೂ ಕರುಳಿನ ಹೊಲಿಗೆಗೆ ನೇರವಾಗಿ ಸುತ್ತಬಾರದು ಎಂಬ ಎಚ್ಚರಿಕೆ ಇದೇ ಕಾರಣಕ್ಕೆ.

ಕಷಾಯ, ಹರಳೆಣ್ಣೆ ಕರಗಿಸುತ್ತವೆಯೇ?

ಇಲ್ಲ. ಮಾಗಿದ ಅಂಟಿಕೆ ರಕ್ತನಾಳ ಇರುವ ಜೀವಂತ ನಾರು, ಹೊಟ್ಟೆಯ ಕೊಳೆಯಲ್ಲ. ತೊಂದರೆ ಕೊಟ್ಟರೆ ಆಪರೇಷನ್‌ನಲ್ಲಿ ಬಿಡಿಸಬೇಕಾಗುತ್ತದೆ, ಅದು ಮತ್ತೆ ಬೆಳೆಯಲೂಬಹುದು. ಕರುಳು ಕಟ್ಟಿಕೊಂಡಿರುವಾಗ ಭೇದಿಗೆ ಕೊಡುವುದು ಅಪಾಯ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ಹಿಂದೆ ಹೊಟ್ಟೆಯ ಆಪರೇಷನ್ ಆದವರಿಗೆ, ಅದು 20 ವರ್ಷ ಹಳೆಯದಾದರೂ ಸರಿ, ಬಿಟ್ಟುಬಿಟ್ಟು ಹಿಂಡುವ ನೋವು, ವಾಂತಿ, ಹೊಟ್ಟೆ ಉಬ್ಬರ, ಮಲ ಮತ್ತು ಗಾಳಿ ಎರಡೂ ಹೋಗದಿರುವುದು ಒಟ್ಟಿಗೆ ಕಂಡರೆ ಗ್ಯಾಸ್ ಎಂದು ಕೂರಬೇಡಿ. ಏನನ್ನೂ ಕುಡಿಸದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಹಳೆಯ ಆಪರೇಷನ್ ವಿಷಯವನ್ನು ಮೊದಲೇ ತಿಳಿಸಿ. ಹಾಗೆಯೇ ಅಂಟಿಕೆಯ ಭಯದಿಂದ ಬೇಕಾದ ಆಪರೇಷನ್ ಮುಂದೂಡಬೇಡಿ. ತಡೆಗೋಡೆ ಹಾಳೆ ನಿಮಗೆ ಹೊಂದುತ್ತದೆಯೇ ಎಂದು ಸರ್ಜನ್‌ರನ್ನು ಆಪರೇಷನ್‌ಗೆ ಮೊದಲೇ ಕೇಳಿ.